ಎಸ್ಟೀಮ್ ಬ್ಯಾಟರಿ ಡಿಕ್ಕಿಗೆ ಸಾಗಿಸಬೇಕು: ಕೇಬಲ್, ಫ್ಯೂಸ್, ಅರ್ತ್ ಹೇಗೆ?

ತುಂಗಾತೀರ (ಶಿವಮೊಗ್ಗ)
ಕಾರು ಮಾರುತಿ ಎಸ್ಟೀಮ್, 1.3 ಪೆಟ್ರೋಲ್. ಬಾನೆಟ್ ಒಳಗೆ ದೊಡ್ಡ ಏರ್ ಫಿಲ್ಟರ್‌ಗೆ ಜಾಗ ಬೇಕು, ಅದಕ್ಕೆ ಬ್ಯಾಟರಿಯನ್ನು ಡಿಕ್ಕಿಗೆ ಹಾಕುವ ಯೋಚನೆ. ಹಗ್ಗ ಹಿಡಿದು ಅಳೆದರೆ ಸ್ಟಾರ್ಟರ್‌ವರೆಗೆ 5 ಮೀಟರ್ ಬರುತ್ತೆ. ಅಂಗಡಿಯವರು 16 ಸ್ಕ್ವೇರ್ ಎಂಎಂ ಕೇಬಲ್ ಸಾಕು ಅಂತಾರೆ. ನಿಜವಾ? ಫ್ಯೂಸ್ ಎಲ್ಲಿ, ಎಷ್ಟರದ್ದು? ನೆಗೆಟಿವನ್ನೂ ಮುಂದಿನವರೆಗೆ ಎಳೆಯಬೇಕಾ? ಮಳೆಗಾಲದಲ್ಲೂ ತೀರ್ಥಹಳ್ಳಿ, ಆಗುಂಬೆ ಕಡೆ ಓಡಾಟ ಇದೆ.

ಸೈನ್‌ಗೇಟ್
16 ಸಾಲದು. ಲೆಕ್ಕ ನೋಡಿ: ಸ್ಟಾರ್ಟರ್ 150 ಆಂಪಿಯರ್ ಎಳೆಯುತ್ತೆ ಅಂತಿಟ್ಟುಕೊಂಡರೆ, 5 ಮೀಟರ್ ತಾಮ್ರದಲ್ಲಿ 16 ಸ್ಕ್ವೇರ್‌ಗೆ 0.8 ವೋಲ್ಟ್ ದಾರಿಯಲ್ಲೇ ಹೋಗುತ್ತೆ. 35 ಸ್ಕ್ವೇರ್ ಆದರೆ 0.4ರೊಳಗೆ. ಹಾಗಾಗಿ 35 ಹಾಕಿ. ವೆಲ್ಡಿಂಗ್ ಕೇಬಲ್ ಚೆನ್ನಾಗಿ ಬಗ್ಗುತ್ತೆ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ. (ತವರ ಹಚ್ಚಿದ ತಾಮ್ರ ಹೊರಗೆ ಬೆಳ್ಳಗಿದ್ದು, ಕೆರೆದರೆ ಒಳಗೆ ಕೆಂಪು ಕಾಣುತ್ತೆ. ಅದು ಒಳ್ಳೆಯದೇ.)

ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಇರಬೇಕು, 200 ಆಂಪಿಯರ್ ಎಎನ್ಎಲ್ (ಬೋಲ್ಟ್ ಹಾಕಿ ಬಿಗಿಯುವ ದೊಡ್ಡ ಫ್ಯೂಸ್). ಕಾರ್ ಆಡಿಯೋ ಅಂಗಡಿಗಳಲ್ಲಿ ಸಿಗುತ್ತೆ. ಮುಂದೆ ಸ್ಟಾರ್ಟರ್ ಹತ್ತಿರ ಹಾಕಿದರೆ ನಡುವಿನ 5 ಮೀಟರ್‌ಗೆ ರಕ್ಷಣೆಯೇ ಇಲ್ಲ. ಸೀಟಿನ ಕಂಬಿಗೆ ಉಜ್ಜಿ ಇನ್ಸುಲೇಷನ್ ಹರಿದ ದಿನ ಕಾರ್ಪೆಟ್ ಕೆಳಗೇ ಬೆಂಕಿ. 100 ಆಂಪಿಯರಿನದು ಹಾಕಬೇಡಿ, ಚಳಿಯ ಬೆಳಿಗ್ಗೆ ಎಂಜಿನ್ ಬಿಗಿಯಾಗಿದ್ದಾಗ ಹಾರಿಹೋಗುತ್ತೆ.

ಕೇಬಲ್ ಕಾರಿನೊಳಗೆ ಬಾಗಿಲ ಪಟ್ಟಿಯ ಕಾರ್ಪೆಟ್ ಅಡಿಯಲ್ಲಿ ಬರಲಿ, ಮೇಲೆ ಫ್ಲೆಕ್ಸಿಬಲ್ ಪೈಪ್ ಹೊದಿಸಿ. ಮೊದಲು ಕಾರಿನಡಿ ಮಲಗಿ ಪೆಟ್ರೋಲ್ ಪೈಪ್ ಯಾವ ಮಗ್ಗುಲಲ್ಲಿದೆ ನೋಡಿಕೊಂಡು, ಕೇಬಲನ್ನು ಇನ್ನೊಂದು ಮಗ್ಗುಲಲ್ಲಿ ತನ್ನಿ. ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೋಮೆಟ್ (ತಗಡಿನ ಅಂಚು ಕೇಬಲನ್ನು ಕೊಯ್ಯದಂತೆ ಹಾಕುವ ಬಳೆ). ಲಗ್‌ಗಳನ್ನು (ಕೇಬಲ್ ತುದಿಗೆ ಹಾಕಿ ಬೋಲ್ಟ್ ಬಿಗಿಯುವ ಲೋಹದ ಬಳೆ) ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿ, ಆಟೋ ಕಾಂಪ್ಲೆಕ್ಸ್ ಕಡೆ ಎಲೆಕ್ಟ್ರಿಷಿಯನ್ ಹತ್ತಿರ ವಿಚಾರಿಸಿ. ಸುತ್ತಿಗೆಯಲ್ಲಿ ಜಜ್ಜಿ ಬೆಸುಗೆ ಹಾಕಿದ ಲಗ್, ಬೆಸುಗೆ ಮುಗಿಯುವ ಅಂಚಿನಲ್ಲಿ ಅದುರಿ ಅದುರಿ ಎಳೆ ಎಳೆಯಾಗಿ ತುಂಡಾಗುತ್ತೆ.

ಹುಲಿಕಲ್ ಘಾಟಿ
ಅರ್ತ್ (ನೆಗೆಟಿವ್‌ಗೆ ಕರೆಂಟ್ ವಾಪಸ್ ಬರುವ ದಾರಿ) ವಿಷಯದಲ್ಲೇ ಈ ಕೆಲಸ ಹೆಚ್ಚಾಗಿ ಕೆಡೋದು. ಡಿಕ್ಕಿಯಲ್ಲೇ ಬಾಡಿ ತಗಡಿಗೆ ನೆಗೆಟಿವ್ ಕೊಡಬಹುದು, ಆದರೆ ಅದೂ 35 ಸ್ಕ್ವೇರ್ ಇರಬೇಕು, ಅರ್ಧ ಮೀಟರ್ ಮೀರಬಾರದು. ಪೇಂಟ್ ಕೆರೆದು ತಗಡು ಹೊಳೆಯಬೇಕು. ಎಂ8 ಬೋಲ್ಟ್, ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ ಪೂರ್ತಿ ಗ್ರೀಸ್ ಬಳಿದು, ಅಡಿಯಿಂದ ಅಂಡರ್‌ಕೋಟ್ ಹೊಡೆಯಿರಿ. ಆಗುಂಬೆಯ ಮಳೆಯಲ್ಲಿ ಬರಿ ತಗಡು ಬಿಟ್ಟರೆ ಒಂದೇ ಸೀಸನ್‌ಗೆ ತುಕ್ಕು.

ಇನ್ನೊಂದು, ಇದನ್ನು ಬಹಳ ಜನ ಮರೀತಾರೆ: ಮೊದಲು ಬ್ಯಾಟರಿ ನೆಗೆಟಿವ್‌ನಿಂದ ನೇರ ಎಂಜಿನ್‌ಗೆ ಹೋಗುತ್ತಿದ್ದ ದಪ್ಪ ತಂತಿ ಈಗ ಇರಲ್ಲ. ಎಂಜಿನ್ ಬ್ಲಾಕ್‌ನಿಂದ ಬಾಡಿಗೂ 35 ಸ್ಕ್ವೇರ್ ಪಟ್ಟಿ ಹೊಸದಾಗಿ ಹಾಕಲೇಬೇಕು. ಹಾಕದಿದ್ದರೆ ಸ್ಟಾರ್ಟರಿನ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಬರುತ್ತೆ. ಅವು ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯುತ್ತವೆ.

ತುಂಗಾತೀರ (ಶಿವಮೊಗ್ಗ)
ಆಲ್ಟರ್ನೇಟರ್ ವೈರನ್ನೂ ಹಿಂದಕ್ಕೆ ಎಳೀಬೇಕಾ? ಈಗಿರೋ ನೀರು ಹಾಕುವ ಬ್ಯಾಟರಿಯೇ ನಡೆಯುತ್ತಾ?

ಸೈನ್‌ಗೇಟ್
ಆಲ್ಟರ್ನೇಟರ್ ವೈರ್ ಎಳೆಯೋದು ಬೇಡ. ಹಳೇ ಬ್ಯಾಟರಿ ಇದ್ದ ಜಾಗದಲ್ಲಿ ಇನ್ಸುಲೇಟೆಡ್ ಸ್ಟಡ್ (ಬಾಡಿಗೆ ತಾಗದಂತೆ ನಿಲ್ಲಿಸುವ ಬೋಲ್ಟ್) ಒಂದು ಕೂರಿಸಿ. ಹಿಂದಿನಿಂದ ಬರುವ ಕೇಬಲ್, ಸ್ಟಾರ್ಟರ್, ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್ ಎಲ್ಲ ಅಲ್ಲೇ ಸೇರಲಿ, ಕಂಪನಿಯ ಮೇನ್ ಫ್ಯೂಸ್ ಹಾಗೇ ಉಳೀಲಿ. ಮೇಲೆ ರಬ್ಬರ್ ಕ್ಯಾಪ್. ಬ್ಯಾಟರಿ ಇಳಿದ ದಿನ ಜಂಪರ್ ಹಚ್ಚೋದಕ್ಕೂ ಇದೇ.

ನೀರಿನ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಆಸಿಡ್ ಹಬೆಯೂ ಬರುತ್ತೆ. ಡಿಕ್ಕಿ ಅಂದರೆ ಸೀಟಿನ ಬೆನ್ನಿಗೇ ಅಂಟಿದ ಜಾಗ. ವೆಂಟ್ ಪೈಪ್ ಸಿಕ್ಕಿಸುವ ತೂತಿರುವ ಎಜಿಎಂ (ಆಸಿಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ, ನೀರು ಹಾಕದ ಬ್ಯಾಟರಿ) ತಗೊಳ್ಳಿ, ಪೈಪನ್ನು ತಗಡು ದಾಟಿಸಿ ಹೊರಗೆ ಬಿಡಿ. ಸಿಎನ್‌ಜಿ ಸಿಲಿಂಡರ್ ಇರುವ ಡಿಕ್ಕಿಗಂತೂ ಬ್ಯಾಟರಿ ಬೇಡವೇ ಬೇಡ.

ಹುಲಿಕಲ್ ಘಾಟಿ
ಬಿಗಿಯುವಾಗ ಬೆಲ್ಟ್ ನಂಬಬೇಡಿ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಹತ್ತು ಕೆಜಿಯ ವಸ್ತು ಅತ್ತಿತ್ತ ಎಳೆಯುತ್ತಲೇ ಇರುತ್ತೆ. ಕಬ್ಬಿಣದ ಆಂಗಲ್ ಫ್ರೇಮ್, ನಾಲ್ಕು ಎಂ8 ಬೋಲ್ಟ್, ತಗಡಿನಡಿ 3 ಎಂಎಂ ಪ್ಲೇಟ್. ತೂತು ಕೊರೆಯುವ ಮುಂಚೆ ಕೆಳಗೆ ಪೆಟ್ರೋಲ್ ಟ್ಯಾಂಕ್ ಎಲ್ಲಿಗೆ ಮುಗಿಯುತ್ತೆ ಅಂತ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸ್ಟೆಪ್ನಿ ಗುಂಡಿಯಲ್ಲಿ ಇಡಬೇಡಿ, ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತೆ. ಬ್ಯಾಟರಿ ಮುಚ್ಚಳವಿರುವ ಡಬ್ಬಿಯೊಳಗಿರಲಿ, ಜ್ಯಾಕೋ ಸ್ಪ್ಯಾನರೋ ಎರಡು ಟರ್ಮಿನಲ್‌ಗೂ ತಾಗಿದರೆ ಕಥೆ ಮುಗೀತು.

ಆದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಇಗ್ನಿಷನ್ ಕಾಯಿಲ್ ಕನೆಕ್ಟರ್ ತೆಗೆದು, ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿ ಪಾಸಿಟಿವ್ ಮತ್ತು ಸ್ಟಾರ್ಟರ್ ಸ್ಟಡ್ ನಡುವೆ 0.5 ವೋಲ್ಟ್ ದಾಟಬಾರದು, ನೆಗೆಟಿವ್ ಮತ್ತು ಎಂಜಿನ್ ಬ್ಲಾಕ್ ನಡುವೆ 0.3 ದಾಟಬಾರದು. ದಾಟಿದರೆ ಮೀಟರಿನ ಕಡ್ಡಿಯನ್ನು ಒಂದೊಂದೇ ಜಾಯಿಂಟ್ ಆಚೀಚೆ ಇಟ್ಟು ನೋಡುತ್ತಾ ಹೋಗಿ, ಕೆಟ್ಟ ಲಗ್ ತಾನಾಗೇ ಸಿಗುತ್ತೆ.