‘ಇಕ್ಕಟ್ಟು’ ಅಂದರೆ ಸಾಕೇ?

ಗೆಳೆಯರೇ, ತೊಟ್ಟಿ, ಬಾಯ್ಲರ್, ಸುರಂಗ, ಹೊಗೆಗೊಳವೆಗಳ ಒಳಗೆ ಹಾರುವ ಪುಟ್ಟ ಡ್ರೋನ್‌ಗಳನ್ನು ಹೇಗೆ ರೂಪಿಸುತ್ತಾರೆ ಎಂದು ಬರೆಯುತ್ತಿದ್ದೇನೆ. ಇಂಥ ಜಾಗಗಳಿಗೆಲ್ಲ ಸೇರಿ ಕನ್ನಡದಲ್ಲಿ ಒಂದು ಹೆಸರು ಬೇಕು.

ಮೊದಲು ‘ಇಕ್ಕಟ್ಟಾದ ಜಾಗ’ ಎಂದು ಬರೆದೆ. ಆಮೇಲೆ ಅನುಮಾನ ಶುರುವಾಯಿತು. ಎಣ್ಣೆ ತುಂಬಿಡುವ ತೊಟ್ಟಿ 20 ಮೀಟರ್ ಅಗಲ ಇದ್ದೀತು. ಅಲ್ಲಿ ಇಕ್ಕಟ್ಟು ಎಲ್ಲಿ ಬಂತು? ಸಣ್ಣದು ಅದರ ಬಾಯಿ ಮಾತ್ರ. ಆದರೂ ಡ್ರೋನ್‌ಗೆ ಅದು ಕಷ್ಟದ ಜಾಗವೇ. ಲೋಹದ ಗೋಡೆ ದಾಟಿ ಜಿಪಿಎಸ್ ಸಿಗುವುದಿಲ್ಲ. ತಾನೆಲ್ಲಿದ್ದೇನೆ ಎಂಬುದನ್ನು ಅದು ಕ್ಯಾಮೆರಾ ಮತ್ತು ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್‌ಗಳಿಂದಲೇ ತಿಳಿದುಕೊಳ್ಳಬೇಕು. ಗೋಡೆಯ ಹತ್ತಿರ ಹೋದರೆ ತಾನೇ ಬೀಸಿದ ಗಾಳಿ ತಿರುಗಿ ಬಂದು ತನ್ನನ್ನೇ ಅಲ್ಲಾಡಿಸುತ್ತದೆ. ಹಾಗಾಗಿ ಸದ್ಯಕ್ಕೆ ‘ಸುತ್ತ ಮುಚ್ಚಿದ ಜಾಗ’ ಎಂದಿಟ್ಟುಕೊಂಡಿದ್ದೇನೆ. ‘ಸೀಮಿತ ಸ್ಥಳ’ ಎಂದರೆ ಸೀಟುಗಳು ಬೇಗ ಮುಗಿಯುತ್ತವೆ ಅನ್ನೋ ಜಾಹೀರಾತಿನ ಹಾಗಿದೆ. ಮಾತಿನಲ್ಲಾದರೆ ‘ಕಿಷ್ಕಿಂಧೆ’ ಅಂತೀವಿ, ಅಲ್ವಾ? ವಾಲಿಯ ರಾಜಧಾನಿಗೆ ಈ ಗತಿ ಬಂದದ್ದು ಬೇರೆ ಕಥೆ. ಅದೂ ಅಗಲದ ಮಾತೇ ಆಯಿತು.

ಇನ್ನೊಂದು ತೊಡಕು ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಡ್ರೋನ್ ನೆಲಕ್ಕೆ ತೀರಾ ಹತ್ತಿರ ಹಾರಿದರೆ, ಕೆಳಗೆ ತಳ್ಳಿದ ಗಾಳಿಗೆ ನೆಲ ಅಡ್ಡ ಬರುತ್ತದೆ. ಆಗ ಎತ್ತುವ ಬಲ ಹೆಚ್ಚುತ್ತದೆ. ಚಾವಣಿಯ ಹತ್ತಿರವೂ ಬಲ ಹೆಚ್ಚುತ್ತದೆ, ಆದರೆ ಅಲ್ಲಿ ಅಪಾಯವಿದೆ. ಪ್ರೊಪೆಲ್ಲರ್ ಮೇಲಿನ ಸಂದಿಯಲ್ಲಿ ಗಾಳಿಯ ಒತ್ತಡ ಇಳಿದು, ಡ್ರೋನನ್ನು ಮೇಲಕ್ಕೆ ಎಳೆದುಕೊಂಡುಬಿಡುತ್ತದೆ. ಇವೆರಡಕ್ಕೂ ‘ನೆಲದ ಪರಿಣಾಮ’, ‘ಚಾವಣಿ ಪರಿಣಾಮ’ ಎಂದು ಸುಮ್ನೆ ಬರೆದುಬಿಡಬಹುದು. ಆದರೆ ‘ನೆಲದ ಪರಿಣಾಮ’ ಓದಿದವರು ನೆಲಕ್ಕೇನೋ ಆಯಿತು ಅಂದುಕೊಂಡಾರು. ‘ಚಾವಣಿ ಸೆಳೆತ’ ನನಗೆ ಹಿಡಿಸಿದೆ. ಹೊಳೆಯ ಸೆಳೆತ ಕಂಡವರಿಗೆ ವಿವರಣೆಯೇ ಬೇಡ. ನೆಲದ್ದಕ್ಕೆ ‘ನೆಲದಾಸರೆ’ ಎಂದರೆ ಹೇಗೆ? ಕವಿತೆಯ ಸಾಲಿನ ಹಾಗೆ ಕೇಳಿಸುತ್ತದೆಯೇ?

ಕೊನೆಗೆ ‘ಪಂಜರ’. ಗೋಡೆಗೆ ಬಡಿದರೂ ಪ್ರೊಪೆಲ್ಲರ್ ಮುರಿಯದಂತೆ ಡ್ರೋನ್ ಸುತ್ತ ಹಗುರವಾದ ಕಡ್ಡಿಗಳ ಗೋಳ ಕಟ್ಟುತ್ತಾರೆ. ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಜಿಂಬಾಲ್ ಎಂಬ ಡ್ರೋನ್‌ನಲ್ಲಿ ಈ ಗೋಳ ತನ್ನಷ್ಟಕ್ಕೆ ಉರುಳುತ್ತದೆ, ಒಳಗಿನ ಡ್ರೋನ್ ನೆಟ್ಟಗೇ ಇರುತ್ತದೆ. ಪಂಜರ ಹಕ್ಕಿಯನ್ನು ಹಾರದಂತೆ ಹಿಡಿದಿಡುತ್ತದೆ. ಇಲ್ಲಿ ಪಂಜರ ಇರುವುದರಿಂದಲೇ ಹಾರಲು ಧೈರ್ಯ. ‘ಚಿಪ್ಪು’ ಎಂದರೆ ಗಾಳಿಯಾಡದ ಹಾಗೆ ಮುಚ್ಚಿದಂತಾಗುತ್ತದೆ. ‘ಬುಟ್ಟಿ’ಗೆ ಬಾಯಿ ತೆರೆದಿರುತ್ತದೆ. ನಿಮಗೆ ಬೇರೇನಾದರೂ ಹೊಳೆದರೆ ಹೇಳಿ, ಅಲ್ಲಿಯವರೆಗೆ ಪಂಜರವನ್ನೇ ಉಳಿಸಿಕೊಳ್ಳುತ್ತೇನೆ.