ಫೋಲ್ಡ್_ಫಸ್ಟ್ ಮೆಥಡ್ ಕಾಣೆ: ಹಳೆಯ ನೈಟ್ಲಿ ರಸ್ಟ್ ಕೋಡ್ ಸ್ಟೇಬಲ್‌ನಲ್ಲಿ ಬಿಲ್ಡ್ ಆಗುತ್ತಿಲ್ಲ

ತುಂಗಾತೀರ:
2020ರ ಕೊನೆಯ ನೈಟ್ಲಿಗೆ (ರಸ್ಟ್ ಭಾಷೆಯ ಪ್ರಾಯೋಗಿಕ ಆವೃತ್ತಿ) ಪಿನ್ ಮಾಡಿಟ್ಟ ಕ್ರೇಟ್ (ರಸ್ಟ್ ಪ್ಯಾಕೇಜ್) ಒಂದನ್ನು ಈಗಿನ ಸ್ಟೇಬಲ್‌ಗೆ, ಅಂದರೆ ಸ್ಥಿರ ಆವೃತ್ತಿಗೆ, ತರಬೇಕು. ಮೊದಲು ಕಂಪೈಲರ್‌ನಿಂದ ಇ0554 ದೋಷ ಬಂತು, ಸ್ಟೇಬಲ್‌ನಲ್ಲಿ ಫೀಚರ್ ಆಟ್ರಿಬ್ಯೂಟ್ ಬಳಸುವಂತಿಲ್ಲ ಎಂದು. ಐಟರೇಟರ್_ಫೋಲ್ಡ್_ಸೆಲ್ಫ್ ಇದ್ದ ಸಾಲನ್ನು ಅಳಿಸಿದರೆ ಇ0599, ಅಂದರೆ ಫೋಲ್ಡ್_ಫಸ್ಟ್ ಎಂಬ ಮೆಥಡ್ಡೇ ಇಲ್ಲ. ಅದರ ಬದಲು ರೆಡ್ಯೂಸ್ ಎಂದು ಬರೆದರೆ ಸಾಕೇ, ಒಳಗಿನ ನಡವಳಿಕೆಯೂ ಬದಲಾಗಿದೆಯೇ?

ಜೊತೆಗೆ ಹೊಸದಾಗಿ ಬರೆದ ಎರಡು ಸಾಲು ಕೈಕೊಡುತ್ತಿವೆ. ಎಫ್64 (ದಶಮಾಂಶ ಸಂಖ್ಯೆ) ವೆಕ್‌ನಲ್ಲಿ, ಅಂದರೆ ಪಟ್ಟಿಯಲ್ಲಿ, ದೊಡ್ಡ ಸಂಖ್ಯೆ ಹುಡುಕಲು ಐಟರ್ ಆದಮೇಲೆ ರೆಡ್ಯೂಸ್(ಎಫ್64::ಮ್ಯಾಕ್ಸ್) ಕೊಟ್ಟರೆ ಟೈಪ್ ಹೊಂದುತ್ತಿಲ್ಲ. ಇನ್ನೊಂದು ಕಡೆ ಐಟರ್ ತೆಗೆದು ರೇಯಾನ್‌ನ (ಕೆಲಸವನ್ನು ಸಮಾಂತರವಾಗಿ ನಡೆಸುವ ಲೈಬ್ರರಿ) ಪಾರ್_ಐಟರ್ ಹಾಕಿ ರೆಡ್ಯೂಸ್ ಕರೆದೆ. ಎರಡು ಆರ್ಗ್ಯುಮೆಂಟ್ ಬೇಕು, ಒಂದೇ ಕೊಟ್ಟಿದ್ದೀರಿ ಎಂದು ಇ0061.

ಸಾಲುಮರ:
ಹೆಸರು ಬದಲಿಸಿದರೆ ಸಾಕು. ಫೋಲ್ಡ್_ಫಸ್ಟ್ ಅನ್ನು ರೆಡ್ಯೂಸ್ ಎಂದು ಮರುಹೆಸರಿಸಿಯೇ ಸ್ಟೇಬಲ್ ಮಾಡಿದರು; 2021ರ ಮಾರ್ಚ್ 25ರಂದು ಬಂದ 1.51ರಲ್ಲಿ. ಸಿಗ್ನೇಚರ್ ಅದೇ: ಕ್ಲೋಶರ್‌ಗೆ ಐಟಂ ಟೈಪಿನ ಎರಡು ಮೌಲ್ಯ, ಹೊರಬರುವುದೂ ಅದೇ ಟೈಪ್, ಒಟ್ಟು ಫಲಿತಾಂಶ ಆಪ್ಷನ್ (ಮೌಲ್ಯ ಇರಬಹುದು, ಇಲ್ಲದೆಯೂ ಇರಬಹುದು ಎನ್ನುವ ಟೈಪ್). ಒಳಗೆ ನೆಕ್ಸ್ಟ್ ಕರೆದು ಮೊದಲ ಐಟಂ ತೆಗೆದುಕೊಂಡು, ಅದರಿಂದಲೇ ಶುರುಮಾಡಿ ಉಳಿದದ್ದರ ಮೇಲೆ ಫೋಲ್ಡ್ (ಆರಂಭದ ಮೌಲ್ಯಕ್ಕೆ ಒಂದೊಂದೇ ಐಟಂ ಸೇರಿಸುತ್ತ ಹೋಗುವ ಮೆಥಡ್) ನಡೆಸುತ್ತದೆ. ಹಳೆಯ ಹೆಸರು ಈ ಒಳಗಿನ ಕೆಲಸವನ್ನು ಹೇಳುತ್ತಿತ್ತು. ಹೊಸದು ಪೈಥಾನ್, ಜಾವಾಸ್ಕ್ರಿಪ್ಟ್, ಕೋಟ್ಲಿನ್‌ನಿಂದ ಬಂದವರು ಮೊದಲು ಹುಡುಕುವ ಹೆಸರು. ಆದರೆ ಅಲ್ಲಿ ಆರಂಭದ ಮೌಲ್ಯವಿಲ್ಲದೆ ಖಾಲಿ ಪಟ್ಟಿ ಕೊಟ್ಟರೆ ಎಕ್ಸೆಪ್ಷನ್ ಏಳುತ್ತದೆ, ರಸ್ಟ್‌ನಲ್ಲಿ ನನ್ (ಖಾಲಿ ಆಪ್ಷನ್) ಸಿಗುತ್ತದೆ.

ಕೋಡನ್ನು ತಾನೇ ತಿದ್ದುವ ಕಾರ್ಗೋ ಫಿಕ್ಸ್ ನಂಬಿ ಕೂರಬೇಡಿ. ಅನ್‌ಸ್ಟೇಬಲ್ ಹೆಸರಾದ್ದರಿಂದ ಡೆಪ್ರಿಕೇಶನ್ ಸೂಚನೆಯನ್ನೂ ಬಿಡದೆ ಅದನ್ನು ತೆಗೆದಿದ್ದಾರೆ. ಗ್ರೆಪ್‌ನಿಂದ ಹುಡುಕಿ ಎಲ್ಲ ಕಡೆ ನೀವೇ ಬದಲಿಸಿ. ರೆಪೊ ಬೇರಿನಲ್ಲಿರುವ ರಸ್ಟ್-ಟೂಲ್‌ಚೈನ್ ಕಡತವನ್ನೂ ಅಳಿಸಿ ಅಥವಾ ಚಾನೆಲ್ ಅನ್ನು ಸ್ಟೇಬಲ್ ಮಾಡಿ, ಇಲ್ಲವಾದರೆ ಆ ಫೋಲ್ಡರ್‌ನಲ್ಲಿ ರಸ್ಟಪ್ (ರಸ್ಟ್ ಆವೃತ್ತಿಗಳನ್ನು ನಿಭಾಯಿಸುವ ಸಾಧನ) ಮತ್ತೆ ಹಳೇ ನೈಟ್ಲಿಯನ್ನೇ ಓಡಿಸುತ್ತದೆ, ಅದರಲ್ಲಿ ರೆಡ್ಯೂಸ್ ಸಿಗುವುದಿಲ್ಲ. ಹೊಸ ನೈಟ್ಲಿಯಲ್ಲೇ ಇರುವುದಾದರೆ ಫೀಚರ್ ಸಾಲಿಗೆ ಬರುವುದು ಎಚ್ಚರಿಕೆ ಮಾತ್ರ, ಆಗಲೂ ತೆಗೆದುಬಿಡಿ.

ಎಫ್64 ಸಾಲಿನಲ್ಲಿ ತಪ್ಪು ರೆಡ್ಯೂಸ್‌ನದಲ್ಲ. ಐಟರ್ ಕೊಡುವುದು ರೆಫರೆನ್ಸ್, ಎಫ್64::ಮ್ಯಾಕ್ಸ್ ಕೇಳುವುದು ಮೌಲ್ಯ. ಹೀಗೆ ಬರೆಯಿರಿ:

ಪಟ್ಟಿ.ಐಟರ್().ಕಾಪಿಡ್().ರೆಡ್ಯೂಸ್(ಎಫ್64::ಮ್ಯಾಕ್ಸ್)

ಐ32 (ಪೂರ್ಣಾಂಕ) ಪಟ್ಟಿಯಲ್ಲಿ |ಅ, ಬ| ಅ + ಬ ಎಂದಾಗ ಬರುವ, ಟೈಪ್ ಹೊಂದುತ್ತಿಲ್ಲ ಎನ್ನುವ ಇ0308ಕ್ಕೂ ಇದೇ ಮದ್ದು: ಎರಡು ರೆಫರೆನ್ಸ್ ಕೂಡಿಸಿದರೆ ಹುಟ್ಟುವುದು ಹೊಸ ಮೌಲ್ಯ, ರೆಫರೆನ್ಸ್ ಅಲ್ಲ. ಇರುವ ಎರಡರಲ್ಲಿ ಒಂದನ್ನು ಆರಿಸುವ ಕ್ಲೋಶರ್ ಆದರೆ ಕಾಪಿಡ್ ಬೇಡ.

ದೊಡ್ಡ ಸಂಖ್ಯೆ ಹುಡುಕುವ ಕೆಲಸಕ್ಕೆ ಫೋಲ್ಡ್ ಅನ್ನು 0.0ಯಿಂದ ಶುರುಮಾಡಿದ ಕೋಡ್ ಬಹಳ ಇದೆ. ಪಟ್ಟಿಯಲ್ಲಿ ಬರೀ ಋಣ ಸಂಖ್ಯೆಗಳಿದ್ದರೆ ಉತ್ತರ 0.0 ಬರುತ್ತದೆ, ಶುದ್ಧ ತಪ್ಪು. ಋಣ ಅನಂತದಿಂದ ಶುರುಮಾಡಿದರೆ ಖಾಲಿ ಪಟ್ಟಿಗೂ ಏನೋ ಒಂದು ಸಂಖ್ಯೆ ಸಿಕ್ಕಿ ಮುಂದೆ ಹರಿದುಹೋಗುತ್ತದೆ. ರೆಡ್ಯೂಸ್‌ನ ಆಪ್ಷನ್ ಈ ಎರಡನ್ನೂ ಅಲ್ಲೇ ಹಿಡಿಯುತ್ತದೆ, ಅದಕ್ಕೇ ಅದು ಇರಬೇಕಾದದ್ದು. ದಯವಿಟ್ಟು ಅನ್‌ರ‍್ಯಾಪ್ (ನನ್ ಬಂದರೆ ಪ್ರೋಗ್ರಾಂ ನಿಲ್ಲಿಸುವ ಮೆಥಡ್) ಹಾಕಿ ಆ ಲಾಭವನ್ನು ಕಳೆದುಕೊಳ್ಳಬೇಡಿ.

ಎನ್‌ಎಎನ್ (ಸಂಖ್ಯೆಯಲ್ಲದ ಎಫ್64 ಮೌಲ್ಯ) ಬಗ್ಗೆಯೂ ನಿರ್ಧಾರ ಮಾಡಿಕೊಳ್ಳಿ. ಎಫ್64::ಮ್ಯಾಕ್ಸ್ ಎನ್‌ಎಎನ್ ಬಿಟ್ಟು ಇನ್ನೊಂದನ್ನು ಕೊಡುತ್ತದೆ. ಮ್ಯಾಕ್ಸ್_ಬೈ ಒಳಗೆ ಟೋಟಲ್_ಸಿಎಂಪಿ (1.62ರಿಂದ) ಬಳಸಿದರೆ ಧನ ಚಿಹ್ನೆಯ ಎನ್‌ಎಎನ್ ಅನಂತಕ್ಕಿಂತಲೂ ಮೇಲೆ ನಿಂತು ಅದೇ ಉತ್ತರವಾಗುತ್ತದೆ.

ಕಡಲಂಚು:
ರೇಯಾನ್ ಭಾಗಕ್ಕೆ: ಅಲ್ಲಿನ ರೆಡ್ಯೂಸ್ ಬೇರೆ ಮೆಥಡ್. ಮೊದಲ ಆರ್ಗ್ಯುಮೆಂಟ್ ಐಡೆಂಟಿಟಿ ಮೌಲ್ಯ (ಸೇರಿಸಿದರೂ ಉತ್ತರ ಬದಲಿಸದ ಮೌಲ್ಯ, ಕೂಡುವಾಗ ಸೊನ್ನೆಯಂತೆ) ಕೊಡುವ ಕ್ಲೋಶರ್, ಎರಡನೆಯದು ಕೂಡಿಸುವ ಕ್ಲೋಶರ್, ಆಪ್ಷನ್ ಬರುವುದಿಲ್ಲ. ಸ್ಟ್ಯಾಂಡರ್ಡ್ ಲೈಬ್ರರಿಯ ರೆಡ್ಯೂಸ್‌ಗೆ ಸಮನಾದದ್ದು ರೆಡ್ಯೂಸ್_ವಿತ್, ಅದನ್ನು ಹಾಕಿದರೆ ಇ0061 ಹೋಗುತ್ತದೆ. ಪಟ್ಟಿಯನ್ನು ತುಂಡು ಮಾಡಿ ಸೇರಿಸುವುದರಿಂದ ಕ್ಲೋಶರ್ ಅಸೋಸಿಯೇಟಿವ್ (ಹೇಗೆ ಗುಂಪು ಮಾಡಿದರೂ ಒಂದೇ ಉತ್ತರ ಕೊಡುವಂಥದ್ದು) ಆಗಿರಲೇಬೇಕು. ಕಳೆಯುವ ಕ್ರಿಯೆ ಕೊಟ್ಟರೆ ಉತ್ತರವೇ ತಪ್ಪು; ಎಫ್64 ಕೂಡಿಸಿದರೆ ಕೊನೆಯ ಅಂಕೆಗಳು ಒಂದು ಓಟದಿಂದ ಇನ್ನೊಂದಕ್ಕೆ ಬದಲಾಗಬಹುದು.

ಐಟರ್‌ಟೂಲ್ಸ್ ಎಂಬ ಕ್ರೇಟ್‌ನ ಫೋಲ್ಡ್1 ಎಲ್ಲಾದರೂ ಉಳಿದಿದ್ದರೆ ಅದನ್ನೂ ರೆಡ್ಯೂಸ್‌ಗೆ ಬದಲಿಸಿ. 0.10.2ರಿಂದ ಅದು ಡೆಪ್ರಿಕೇಟೆಡ್.

ತುಂಗಾತೀರ:
ಮೂರೂ ಬಗೆಹರಿದವು, ಇಬ್ಬರಿಗೂ ಧನ್ಯವಾದ. ಈಗ ಉಳಿದಿರುವುದು ಇ0034. ಕ್ರೇಟ್ ಒಳಗೆ ಎಲ್ಲ ಐಟರೇಟರ್‌ಗಳಿಗೂ ಅನ್ವಯಿಸುವ ನಮ್ಮದೇ ಟ್ರೇಟ್ (ಟೈಪ್‌ಗಳಿಗೆ ಮೆಥಡ್ ಸೇರಿಸುವ ವ್ಯಾಖ್ಯೆ) ಇದೆ, ಅದರಲ್ಲೂ ರೆಡ್ಯೂಸ್ ಎಂಬ ಮೆಥಡ್.

ಸಾಲುಮರ:
ಎರಡು ಟ್ರೇಟ್‌ಗಳಲ್ಲಿ ಒಂದೇ ಹೆಸರು, ಎರಡೂ ಸೆಲ್ಫ್ ಅನ್ನು ಮೌಲ್ಯವಾಗಿಯೇ ತೆಗೆದುಕೊಳ್ಳುತ್ತವೆ. ಯಾವುದನ್ನು ಕರೆಯಬೇಕೆಂದು ಕಂಪೈಲರ್‌ಗೆ ತೋಚುವುದಿಲ್ಲ. 2018ರಲ್ಲಿ 1.29ರಲ್ಲಿ ಫ್ಲ್ಯಾಟನ್ ಸ್ಟೇಬಲ್ ಆದಾಗ ಐಟರ್‌ಟೂಲ್ಸ್‌ನ ಫ್ಲ್ಯಾಟನ್ ಬಳಸುತ್ತಿದ್ದವರಿಗೂ ಇದೇ ತೊಂದರೆಯಾಗಿತ್ತು. ತಕ್ಷಣಕ್ಕೆ ಟ್ರೇಟ್ ಹೆಸರು ಹೇಳಿಯೇ ಕರೆಯಿರಿ:

ನಮ್ಮಟ್ರೇಟ್::ರೆಡ್ಯೂಸ್(ಐಟರೇಟರ್, ಕ್ಲೋಶರ್)

ಕೆಲಸ ಒಂದೇ ಆಗಿದ್ದರೆ ನಿಮ್ಮ ಮೆಥಡ್ ತೆಗೆದುಹಾಕಿ. ಬೇರೆ ಆಗಿದ್ದರೆ ಹೆಸರು ಬದಲಿಸಿ. ನಿಮ್ಮ ಟ್ರೇಟ್‌ನಲ್ಲಿ &ಸೆಲ್ಫ್ (ರೆಫರೆನ್ಸ್) ತೆಗೆದುಕೊಳ್ಳುವ, ಸ್ಟ್ಯಾಂಡರ್ಡ್ ಮೆಥಡ್‌ನದೇ ಹೆಸರಿನ ಮೆಥಡ್‌ಗಳಿದ್ದರೆ ಅವನ್ನೂ ಪರೀಕ್ಷಿಸಿ. ಅಲ್ಲಿ ಇ0034 ಬರುವುದಿಲ್ಲ, ಮೌಲ್ಯವಾಗಿ ತೆಗೆದುಕೊಳ್ಳುವ ಸ್ಟ್ಯಾಂಡರ್ಡ್ ಮೆಥಡ್ ಸದ್ದಿಲ್ಲದೆ ಗೆಲ್ಲುತ್ತದೆ. ಟೈಪ್‌ಗಳು ಹೊಂದಿಬಿಟ್ಟರೆ ಟೆಸ್ಟ್ ಬಿಟ್ಟು ಬೇರೆ ಯಾವುದೂ ಅದನ್ನು ಹಿಡಿಯುವುದಿಲ್ಲ.