ಬೆಕ್ಕಿನ ತಳಿ, ಪೇಪರು, ಸ್ಟ್ಯಾಂಡರ್ಡು: ಭಾನುವಾರ ಡಾಕ್ಟ್ರನ್ನ ಕೇಳಿ

ಅಡ್ಮಿನ್ (ಎಸ್.ಎಸ್.ಪುರಂ): ಎಲ್ರಿಗೂ ನಮಸ್ಕಾರ. ಇವತ್ತು ಬೆಳಗ್ಗೆ ಹತ್ರಿಂದ ಡಾಕ್ಟ್ರು ಮೇಡಂ ಗ್ರೂಪಲ್ಲಿ ಇರ್ತಾರೆ. ತುಮಕೂರಲ್ಲೇ ಪ್ರಾಕ್ಟೀಸು, ಬೆಂಗಳೂರಲ್ಲಿ ಕ್ಯಾಟ್ ಶೋ ಆದಾಗ ಬೆಕ್ಕುಗಳ ಹೆಲ್ತ್ ಚೆಕಪ್‌ಗೂ ಹೋಗ್ತಾರೆ. ವಿಷಯ ತಳಿ ಮತ್ತೆ ರಿಜಿಸ್ಟ್ರೇಶನ್ನು. ಒಬ್ರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಬೇಡ.

ಗುಬ್ಬಿ ಗೇಟ್ ಹುಡ್ಗ: ಮೇಡಂ ನಮಸ್ತೆ, ಹೋದ್ ತಿಂಗ್ಳು ಬೆಂಗಳೂರಲ್ಲಿ ಒಂದ್ ಅಂಗಡೀಲಿ 18 ಸಾವಿರ ಕೊಟ್ಟು ಪರ್ಷಿಯನ್ ಮರಿ ತಂದೆ, ಕೆಸಿಐ ಸರ್ಟಿಫಿಕೇಟ್ ಕೊಟ್ಟವ್ರೆ, ಅದ್ರಲ್ಲಿ ಸೆಮಿ ಪಂಚ್ ಫೇಸ್ ಟ್ರಿಪಲ್ ಕೋಟ್ ಅಂತ ಬರ್ದೈತೆ. ಒರಿಜಿನಲ್ಲಾ ಡೂಪ್ಲಿಕೇಟಾ ಹೆಂಗ್ ಗೊತ್ತಾಗೋದು?

ಡಾಕ್ಟ್ರು ಮೇಡಂ: ಕೆಸಿಐ ಅಂದ್ರೆ ಕೆನಲ್ ಕ್ಲಬ್ ಆಫ್ ಇಂಡಿಯಾ. ಚೆನ್ನೈನಲ್ಲಿರೋದು, ನಾಯಿಗಳದ್ದು. ಅವ್ರು ಬೆಕ್ಕು ರಿಜಿಸ್ಟರ್ ಮಾಡಲ್ಲ. ಹಂಗಾಗಿ ಆ ಪೇಪರ್‌ಗೆ ಬೆಲೆ ಇಲ್ಲ. ಬೆಕ್ಕಿಗೆ ಇರೋ ರಿಜಿಸ್ಟ್ರಿಗಳು (ತಳಿ ದಾಖಲೆ ಇಡೋ ಸಂಸ್ಥೆಗಳು) ಬೇರೆ: ಅಮೆರಿಕದ ಸಿಎಫ್‌ಎ (1906), ಟಿಕಾ (1979), ಬ್ರಿಟನ್ನಿನ ಜಿಸಿಸಿಎಫ್ (1910), ಯೂರೋಪಿನ ಫಿಫೆ (1949). ನಮ್ಮ ಕಡೆ ಯಾರಾದ್ರೂ ಪೇಪರ್ ಬೆಕ್ಕು ಅಂದ್ರೆ ಸಾಮಾನ್ಯವಾಗಿ ಇವುಗಳಲ್ಲಿ ಒಂದರದ್ದು ಇರ್ಬೇಕು. ಪೇಪರಲ್ಲಿ ಮರಿಯ ನಂಬರು, ಹುಟ್ಟಿದ ತಾರೀಕು, ಬಣ್ಣ, ತಂದೆ ತಾಯಿ ಹೆಸರು ಮತ್ತೆ ಅವುಗಳ ನಂಬರು ಇರುತ್ತೆ. ಆ ನಂಬರ್ ಹಿಡ್ಕೊಂಡು ರಿಜಿಸ್ಟ್ರಿಗೇ ಮೇಲ್ ಹಾಕಿ ಕೇಳಿ, ಅಂಗಡಿಯವ್ನನ್ನ ಕೇಳ್ಬೇಡಿ.

ಇನ್ನು ಪಂಚ್ ಫೇಸ್ (ಚಪ್ಪಟೆ ಮುಖ), ಸೆಮಿ ಪಂಚ್, ಟ್ರಿಪಲ್ ಕೋಟ್ (ತುಂಬಾ ದಟ್ಟ ಕೂದಲು) ಇವೆಲ್ಲ ನಮ್ಮ ಮಾರ್ಕೆಟ್ಟಿನ ಮಾತು, ಯಾವ ಸ್ಟ್ಯಾಂಡರ್ಡಲ್ಲೂ (ತಳಿ ನೋಡೋಕೆ ಹೆಂಗಿರ್ಬೇಕು ಅಂತ ರಿಜಿಸ್ಟ್ರಿ ಬರ್ದಿಟ್ಟ ಅಳತೆ) ಗ್ರೇಡ್ ಥರ ಇಲ್ಲ. ಸಿಎಫ್‌ಎ ಪರ್ಷಿಯನ್ ಸ್ಟ್ಯಾಂಡರ್ಡಲ್ಲಿ ಒಟ್ಟು 100 ಅಂಕ, ಅದ್ರಲ್ಲಿ ತಲೆಗೆ (ಕಣ್ಣು ಕಿವಿ ಸೇರಿ) 30, ಮೈಕಟ್ಟಿಗೆ 20, ಬಣ್ಣಕ್ಕೆ 20, ಕಣ್ಣಿನ ಬಣ್ಣಕ್ಕೆ 10, ಕೂದಲಿಗೆ ಬರೀ 10, ಉಳಿದ 10 ಒಟ್ಟಾರೆ ಸಮತೋಲನ ಮತ್ತೆ ನಯಕ್ಕೆ. ನಿಮ್ಗೆ ಸಾವಿರಗಟ್ಲೆ ಜಾಸ್ತಿ ತಗೊಂಡಿದ್ದು ಆ 10 ಅಂಕದ ಕೂದಲಿನ ಹೆಸರಲ್ಲಿ.

ಕ್ಯಾತ್ಸಂದ್ರ ಅಕ್ಕ: (ಫೋಟೋ) ಮೇಡಂ ಇದು ಯಾವ ಬ್ರೀಡು?

ಡಾಕ್ಟ್ರು ಮೇಡಂ: ನಾಟಿ ಬೆಕ್ಕು. ಆರೋಗ್ಯವಾಗಿ ಕಾಣುತ್ತೆ. ವ್ಯಾಕ್ಸಿನ್ ಹಾಕ್ಸಿ.

ಪಾವಗಡ: ಮೇಡಂ ರೈಲಲ್ಲಿ ಬೆಕ್ಕು ಕರ್ಕೊಂಡು ಹೋಗೋಕೆ ಪೇಪರ್ ಬೇಕಾ?

ತಿಪಟೂರು ತೆಂಗಿನ ತೋಟ: ಪೇಪರು ಸ್ಟ್ಯಾಂಡರ್ಡು ಎರಡೂ ಒಂದೇನಾ? ನಮ್ಗೆ ಅರ್ಥ ಆಗ್ಲಿಲ್ಲ.

ಡಾಕ್ಟ್ರು ಮೇಡಂ: ಒಳ್ಳೆ ಪ್ರಶ್ನೆ. ಎರಡೂ ಬೇರೆ. ಸಿದ್ಧಗಂಗೆ ಜಾತ್ರೇಲಿ ಹಳ್ಳಿಕಾರ್ ಹೋರಿ ಕೊಳ್ಳೋ ರೈತ ಏನ್ ಮಾಡ್ತಾನೆ? ಕೊಂಬು ಹಿಂದಕ್ಕೆ ಬಾಗಿ ಮೇಲಕ್ಕೆ ಹೋಗಿದ್ಯಾ, ಹಣೆ ಹೆಂಗಿದೆ, ಗೊರಸು, ಸುಳಿ ಎಲ್ಲ ನೋಡ್ತಾನೆ, ಅದು ಸ್ಟ್ಯಾಂಡರ್ಡ್. ಆಮೇಲೆ ಇದರ ತಾಯಿ ಯಾರ ಮನೇದು, ಯಾವ ಹೋರಿ ಕೊಡ್ಸಿದ್ದು ಅಂತ ಕೇಳ್ತಾನಲ್ಲ, ಅದು ಪೆಡಿಗ್ರಿ. ರಿಜಿಸ್ಟ್ರಿ ಮಾಡೋದು ಎರಡನೇ ಕೆಲ್ಸಾನ ಬರವಣಿಗೇಲಿ ಇಡೋದು. ನೋಡೋಕೆ ಪರ್ಷಿಯನ್ ಥರಾನೇ ಇದ್ರೂ ತಂದೆ ತಾಯಿ ದಾಖಲೆ ಇಲ್ದೆ ಇದ್ರೆ ರಿಜಿಸ್ಟ್ರಿ ಲೆಕ್ಕದಲ್ಲಿ ಅದು ಪರ್ಷಿಯನ್ ಅಲ್ಲ. ದಾಖಲೆ ಇದ್ದು ಮುಖ ಸ್ಟ್ಯಾಂಡರ್ಡಿಗೆ ಹೊಂದದೇ ಇದ್ರೂ ಅದು ಪರ್ಷಿಯನ್ನೇ, ಶೋನಲ್ಲಿ ಗೆಲ್ಲಲ್ಲ ಅಷ್ಟೆ.

ಮಧುಗಿರಿ ಬೆಟ್ಟ: ಮೇಡಂ ನಮ್ಮನೇಲಿ ಪೂರ್ತಿ ಕಪ್ಪು ಕೊತ್ತಿ ಐತೆ, ಬಾಂಬೆ ಕ್ಯಾಟ್ ಅಂತಾವ್ರೆ ಹೌದಾ?

ಡಾಕ್ಟ್ರು ಮೇಡಂ: ಅಲ್ಲ. ಬಾಂಬೆ ತಳಿ ಹುಟ್ಟಿದ್ದು ಅಮೆರಿಕದ ಕೆಂಟಕೀಲಿ, 1950ರ ದಶಕದಲ್ಲಿ ನಿಕಿ ಹಾರ್ನರ್ ಅನ್ನೋರು ಬರ್ಮೀಸ್ ಜೊತೆ ಕಪ್ಪು ಅಮೆರಿಕನ್ ಶಾರ್ಟ್‌ಹೇರ್ ಸೇರ್ಸಿ ಮಾಡಿದ್ದು. ನಮ್ಮ ದೇಶದ ಕರಿ ಚಿರತೆ ಥರ ಕಾಣ್ಲಿ ಅಂತ ಆ ಹೆಸರು. ಕಣ್ಣು ಚಿನ್ನದ ಬಣ್ಣದಿಂದ ತಾಮ್ರದ ಬಣ್ಣದವರೆಗೆ ಇರ್ಬೇಕು.

ಶಿರಾ ಗೇಟ್ ಸ್ವಾಮಿ: ತಪ್ಪು ಮೇಡಂ. ನಮ್ಮ ಭಾವ ಮುಂಬೈಲಿ ಇರೋದು, ಅಲ್ಲಿ ಬೀದಿ ಬೀದೀಲಿ ಇದಾವೆ ಆ ಬೆಕ್ಕು.

ಮಧುಗಿರಿ ಬೆಟ್ಟ: ಬೀದೀಲಿ ಕಪ್ಪು ಬೆಕ್ಕು ನಮ್ಮೂರಲ್ಲೂ ಅವೆ ಸ್ವಾಮಿ, ಅದ್ಕೆ ಮಧುಗಿರಿ ಕ್ಯಾಟ್ ಅಂತ ಹೆಸ್ರು ಇಟ್ಟವ್ರಾ?

ಶಿರಾ ಗೇಟ್ ಸ್ವಾಮಿ: ನಿಮ್ಗೆ ಹೇಳಿಲ್ಲ ನಾನು. ಹಂಗಾದ್ರೆ ಹಿಮಾಲಯನ್ ಕ್ಯಾಟು ಹಿಮಾಲಯದ್ದಲ್ವಾ?

ಡಾಕ್ಟ್ರು ಮೇಡಂ: ಅಲ್ಲ. ಪರ್ಷಿಯನ್‌ಗೆ ಸಯಾಮೀಸ್ ಬೆಕ್ಕಿನ ಬಣ್ಣ (ತಿಳಿ ಮೈ, ಮುಖ ಕಿವಿ ಕಾಲು ಬಾಲ ಮಾತ್ರ ಗಾಢ) ತಂದಿದ್ದು, ಹಿಮಾಲಯನ್ ಮೊಲದ ಬಣ್ಣ ಹೋಲುತ್ತೆ ಅಂತ ಹೆಸರು. ಸಿಎಫ್‌ಎ 1984ರಿಂದ ಅದನ್ನ ಪರ್ಷಿಯನ್ ಒಳಗೇ ಸೇರ್ಸಿದೆ, ಟಿಕಾದಲ್ಲಿ ಬೇರೆ ತಳಿ. ಒಂದೇ ಬೆಕ್ಕು ಎರಡು ಕಡೆ ಎರಡು ಹೆಸರು, ಅದಕ್ಕೇ ಯಾವ ರಿಜಿಸ್ಟ್ರಿ ಅಂತ ಮೊದ್ಲು ಕೇಳೋದು ನಾನು.

ಕುಣಿಗಲ್ ರೋಡ್: ಮೇಡಂ ನಂದು ಸ್ವಲ್ಪ ಉದ್ದ ಐತೆ. ನಮ್ ಹತ್ರ ಸ್ಕಾಟಿಷ್ ಫೋಲ್ಡ್ ಜೋಡಿ ಐತೆ, ಗಂಡು ಹೆಣ್ಣು ಎರಡಕ್ಕೂ ಕಿವಿ ಮಡಚಿದ್ದು, ಬೆಂಗಳೂರಲ್ಲಿ ಒಬ್ರ ಹತ್ರ ತಂದಿದ್ದು ಪೇಪರ್ ಇಲ್ಲ. ಈಗ ನಾಲ್ಕ್ ಮರಿ ಹಾಕೈತೆ, ಏಳು ವಾರ, ಮೂರಕ್ಕೆ ಕಿವಿ ಮಡಚೈತೆ ಒಂದಕ್ಕೆ ನೆಟ್ಟಗೈತೆ. ಮರಿಗಳಿಗೆ ಸಿಎಫ್‌ಎ ಪೇಪರ್ ಮಾಡ್ಸಕ್ಕೆ ಆಗತ್ತಾ? ಇನ್ನೊಂದು, ತಾಯಿ ಬೆಕ್ಕು ಎರಡು ವರ್ಷದ್ದು, ಮೊದ್ಲು ಬೀರು ಮೇಲೆ ಹತ್ತಿ ಮಲಗ್ತಿತ್ತು ಈಗ ಮಂಚಕ್ಕೂ ಹತ್ತಲ್ಲ, ಮುಂಗಾಲು ಇಟ್ಟು ಹತ್ಸಿ ಅಂತ ಕೂಗ್ತದೆ. ದಪ್ಪ ಆಗೈತೆ ಅಂತ ಊಟ ಕಮ್ಮಿ ಮಾಡಿದೀವಿ.

ಡಾಕ್ಟ್ರು ಮೇಡಂ: ಪೇಪರ್ ಮಾತು ಆಮೇಲೆ. ಮೊದ್ಲು ಊಟ ಕಮ್ಮಿ ಮಾಡೋದು ನಿಲ್ಸಿ, ಮರಿಗೆ ಹಾಲು ಕೊಡ್ತಿರೋ ಬೆಕ್ಕು ಅದು. ಎರಡೇ ವರ್ಷಕ್ಕೆ ಮಂಚ ಹತ್ತಲ್ಲ ಅಂದ್ರೆ ಅದು ಕೊಬ್ಬಲ್ಲ, ನೋವು.

ಈ ತಳಿ ಹೆಂಗ್ ಬಂತು ಹೇಳ್ತೀನಿ, ಎಲ್ರೂ ಓದಿ. 1961ರಲ್ಲಿ ಸ್ಕಾಟ್‌ಲ್ಯಾಂಡಿನ ಕೂಪರ್ ಆಂಗಸ್ ಹತ್ರ ಒಂದು ತೋಟದ ಮನೇಲಿ ಸೂಸಿ ಅನ್ನೋ ಬಿಳಿ ಬೆಕ್ಕಿಗೆ ಕಿವಿ ಮಡಚಿಕೊಂಡಿತ್ತು, ವಿಲಿಯಂ ರಾಸ್ ಅನ್ನೋ ಕುರಿ ಕಾಯೋರು ಅದನ್ನ ನೋಡಿದ್ರು, ಅದರ ಸಂತತಿಯಿಂದ ಈ ತಳಿ. ಕಿವಿ ಯಾಕೆ ಮಡಚಿಕೊಳ್ಳುತ್ತೆ? ಕಿವಿಯ ಮೃದ್ವಸ್ಥಿ (ಮೆತ್ತನೆ ಮೂಳೆ) ಗಟ್ಟಿ ಬೆಳೆಯಲ್ಲ, ಅದಕ್ಕೆ. ಆದ್ರೆ ಆ ಜೀನ್ ಕಿವಿಗೆ ಮಾತ್ರ ಅಂತ ಇಲ್ವಲ್ಲ, ಮೈಯಲ್ಲಿ ಎಲ್ಲೆಲ್ಲಿ ಮೃದ್ವಸ್ಥಿ ಇದೆಯೋ ಅಲ್ಲೆಲ್ಲ ಅದೇ ತೊಂದ್ರೆ: ಬಾಲದ ಮೂಳೆ, ಹಿಂಗಾಲಿನ ಕೀಲು, ಪಾದ. 2016ರಲ್ಲಿ ಆ ಜೀನ್ ಟಿಆರ್‌ಪಿವಿ4 ಅಂತ ಗೊತ್ತಾಯ್ತು. ತಂದೆ ತಾಯಲ್ಲಿ ಒಬ್ರಿಂದ ಮಾತ್ರ ಆ ಜೀನ್ ಬಂದು ಒಂದು ಪ್ರತಿ ಇದ್ರೂ ಕಾಯಿಲೆ ಬರುತ್ತೆ, ಕೆಲವಕ್ಕೆ ಕಮ್ಮಿ ಕೆಲವಕ್ಕೆ ಜಾಸ್ತಿ. ಇಬ್ರಿಂದಲೂ ಎರಡು ಪ್ರತಿ ಬಂದ್ರೆ ಮರಿ ಇದ್ದಾಗಲೇ ಕಾಲು ಸೊಟ್ಟ ಆಗೋಕೆ ಶುರು.

ಈಗ ನಿಮ್ಮ ಮರಿಗಳ ಲೆಕ್ಕ ನೋಡಿ. ಎರಡೂ ಕಡೆ ಮಡಚಿದ ಕಿವಿ ಅಂದ್ರೆ ನಾಲ್ಕಕ್ಕೆ ಒಂದು ನೆಟ್ಟಗೆ, ಎರಡು ಒಂಟಿ ಪ್ರತಿ, ಒಂದು ಜೋಡಿ ಪ್ರತಿ, ಸರಾಸರಿ ಲೆಕ್ಕ ಇದು. ನಿಮ್ಮ ಮೂರು ಮರೀಲಿ ಯಾವುದಕ್ಕೆ ಜೋಡಿ ಅಂತ ಕಿವಿ ನೋಡಿ ಹೇಳೋಕಾಗಲ್ಲ. ಬಾಲ ನೋಡ್ಬೇಕು. ಮರಿ ಬಾಲ ಹಗ್ಗದ ಥರ ಬಳುಕ್ಬೇಕು. ಗಿಡ್ಡ, ದಪ್ಪ, ಕೋಲಿನ ಥರ ಇದ್ರೆ ಅದು ಕೆಟ್ಟ ಸುದ್ದಿ. ನಾಲ್ಕೂ ಮರಿ ಮತ್ತೆ ತಾಯಿ ಹಿಂದಿಂದ ನಡೆಯೋ ವಿಡಿಯೋ ಹಾಕಿ. ಬಾಲ ಎಳೀಬೇಡಿ.

ಪೇಪರ್: ತಂದೆ ತಾಯಿಗೆ ದಾಖಲೆ ಇಲ್ಲ, ಹಂಗಾಗಿ ಮರಿಗೆ ಆಗಲ್ಲ. ಇನ್ನು ಮುಂದೆ ಆ ಜೋಡಿ ಸೇರ್ಸಬೇಡಿ. ಇವತ್ತಿಂದಾನೇ ಗಂಡನ್ನ ಬೇರೆ ರೂಮಲ್ಲಿ ಇಡಿ, ಹಾಲು ಕುಡಿಸ್ತಿರೋ ಹೆಣ್ಣೂ ಬೆದೆಗೆ ಬರುತ್ತೆ.

ಶಿರಾ ಕ್ಯಾಟರಿ: ಮೇಡಂ ಗೌರವ ಇಟ್ಕೊಂಡೇ ಹೇಳ್ತೀನಿ, ಇಷ್ಟು ಹೆದರಿಸೋದು ಸರಿಯಲ್ಲ, ಸಿಎಫ್‌ಎನೇ ಫೋಲ್ಡ್ ತಳಿನ ಒಪ್ಪಿದೆ, ಚಾಂಪಿಯನ್ ಬೆಕ್ಕುಗಳಿವೆ, ನಾನೇ ಮೂರು ಲಿಟ್ಟರ್ (ಮೂರು ಸೂಲಿನ ಮರಿ) ತೆಗ್ದಿದೀನಿ ಒಂದಕ್ಕೂ ಏನೂ ಆಗಿಲ್ಲ.

ಡಾಕ್ಟ್ರು ಮೇಡಂ: ಸಿಎಫ್‌ಎ ಒಪ್ಪಿದೆ ನಿಜ. ಪೂರ್ತಿ ಹೇಳಿ ಆದ್ರೆ. ಅವ್ರ ಸ್ಟ್ಯಾಂಡರ್ಡಲ್ಲೇ ಬಾಲದ ಮೂಳೆ ದಪ್ಪ ಆಗಿ ಬಳುಕದೇ ಇದ್ರೆ ಅನರ್ಹ ಅಂತ ಬರ್ದಿದೆ. ಬ್ರಿಟಿಷ್ ಶಾರ್ಟ್‌ಹೇರ್, ಅಮೆರಿಕನ್ ಶಾರ್ಟ್‌ಹೇರ್ ಜೊತೆ ಸೇರ್ಸೋಕೆ ಅವಕಾಶ ಇಟ್ಟಿದಾರೆ. ಆ ಬೆಕ್ಕು ಹುಟ್ಟಿದ ದೇಶದ ಜಿಸಿಸಿಎಫ್ 1970ರ ದಶಕದ ಶುರುವಲ್ಲೇ ರಿಜಿಸ್ಟ್ರೇಶನ್ ನಿಲ್ಲಿಸ್ತು. ಫಿಫೆ ಒಪ್ಪೇ ಇಲ್ಲ. ರಿಜಿಸ್ಟ್ರಿ ಒಪ್ಪಿದ ತಕ್ಷಣ ಕೀಲು ನೋವು ಹೋಗಲ್ಲ. ನಿಮ್ಮ ಮೂರು ಲಿಟ್ಟರ್‌ದು ಎಕ್ಸ್‌ರೇ ಇದ್ಯಾ? ಮಾರಿದ ಮೇಲೆ ಎಷ್ಟು ಜನರಿಗೆ ಫೋನ್ ಮಾಡಿ ಕೇಳಿದೀರ?

ಶಿರಾ ಕ್ಯಾಟರಿ: ಎಲ್ರೂ ಖುಷಿಯಾಗಿದಾರೆ.

ಊರುಕೆರೆ ರೆಸ್ಕ್ಯೂ: ಖುಷಿಯಾಗಿರೋದು ಜನ, ಬೆಕ್ಕಲ್ಲ. ಹೋದ್ ವಾರ ಟೋಲ್ ಹತ್ರ ರಟ್ಟಿನ ಡಬ್ಬೀಲಿ ಒಂದು ಪರ್ಷಿಯನ್ ಬಿಟ್ಟು ಹೋಗಿದ್ರು, ಕೂದಲೆಲ್ಲ ಚಾಪೆ ಥರ ಗಂಟು ಕಟ್ಟಿತ್ತು, ಕತ್ತರಿಸ್ತಾ ಹೋದ್ರೆ ಒಳಗೆ ಚರ್ಮ ಕೀವು. ಬ್ರೀಡಿಂಗೇ ನಿಲ್ಲಿಸ್ಬೇಕು.

ಶಿರಾ ಕ್ಯಾಟರಿ: ಅದು ನನ್ ಬೆಕ್ಕಲ್ಲ. ನಾನು ಬರ್ಕೊಡೋ ಅಗ್ರಿಮೆಂಟಲ್ಲಿ ವಾಪಸ್ ತಗೋತೀನಿ ಅಂತ ಐತೆ.

ಊರುಕೆರೆ ರೆಸ್ಕ್ಯೂ: ಎಷ್ಟ್ ವಾಪಸ್ ತಗೊಂಡ್ರಿ ಇಲ್ಲೀವರ್ಗೂ?

ಶಿರಾ ಕ್ಯಾಟರಿ: ನಿಮ್ಗೆ ಲೆಕ್ಕ ಒಪ್ಸಕ್ಕೆ ನಾನ್ ಬಂದಿಲ್ಲ ಇಲ್ಲಿ. ಡೊನೇಶನ್ ಅಂತ ದುಡ್ ಎತ್ತೋರು ನೀವು.

ಊರುಕೆರೆ ರೆಸ್ಕ್ಯೂ: ಮಾತು ನೋಡ್ಕೊಂಡ್ ಆಡಿ. ಒಂದೊಂದ್ ಬಿಲ್ಲೂ ಈ ಗ್ರೂಪಲ್ಲೇ ಹಾಕಿದೀನಿ.

ಅಡ್ಮಿನ್ (ಎಸ್.ಎಸ್.ಪುರಂ): ಇಬ್ರೂ ಪರ್ಸನಲ್ಲಾಗಿ ಮಾತಾಡ್ಕೊಳ್ಳಿ ಪ್ಲೀಸ್.

ಪಾವಗಡ: ಮೇಡಂ ರೈಲಿಗೆ ಪೇಪರ್ ಕೇಳಿದ್ದೆ

ಸದಾಶಿವನಗರ ಅಮ್ಮ: (ಫೋಟೋ) ಡಾಕ್ಟ್ರೇ ಇದು ಯಾವ ತಳಿ?

ಡಾಕ್ಟ್ರು ಮೇಡಂ: ನಾಟಿ.

ಗುಬ್ಬಿ ಗೇಟ್ ಹುಡ್ಗ: ಮೇಡಂ ಇನ್ನೊಂದು, ಅದೇ ಪರ್ಷಿಯನ್ ಮರಿಗೆ ಕಿವಿ ಹತ್ರ ರೌಂಡಾಗಿ ಕೂದ್ಲು ಉದುರೈತೆ, ನನ್ ತಂಗಿ ಕೈ ಮೇಲೂ ಒಂದ್ ಉಂಗುರ ಎದ್ದೈತೆ.

ಹೊರಪೇಟೆ ಮಾವ: ಫಾರ್ವರ್ಡ್ ಬಂದಿದ್ದು, ತುಂಬಾ ಜನಕ್ಕೆ ವಾಸಿ ಆಗೈತೆ: ಕೊಬ್ರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಬಿಸಿ ಮಾಡಿ ಹಚ್ಚಿ ಮೂರೇ ದಿನ. ಜ್ವರ ಇದ್ರೆ ಅರ್ಧ ಡೋಲೋ ಪುಡಿ ಮಾಡಿ ಹಾಲಲ್ಲಿ. ಎಲ್ರಿಗೂ ಶೇರ್ ಮಾಡಿ 🙏

ಡಾಕ್ಟ್ರು ಮೇಡಂ: ಅಡ್ಮಿನ್, ಈ ಮೆಸೇಜ್ ಈಗ್ಲೇ ಡಿಲೀಟ್ ಮಾಡಿ. ಮಾವ, ನಿಮ್ಮ ವಯಸ್ಸಿಗೆ ಗೌರವ ಇದೆ, ಆದ್ರೆ ಇದು ಬೆಕ್ಕು ಸಾಯೋ ಮೆಸೇಜು. ಡೋಲೋ, ಕ್ರೋಸಿನ್ ಎಲ್ಲ ಪ್ಯಾರಾಸಿಟಮಾಲ್. ಅದನ್ನ ಕರಗ್ಸಿ ಹೊರಗೆ ಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ರಕ್ತ ಆಮ್ಲಜನಕ ಹೊರೋದು ನಿಲ್ಲುತ್ತೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ ಊದುತ್ತೆ. 500 ಮಿಲಿಗ್ರಾಂದು ಒಂದು ಮಾತ್ರೆ ಸಾಕು ಒಂದು ಬೆಕ್ಕು ಸಾಯೋಕೆ, ಅರ್ಧವೂ ಸಾಕಾಗ್ಬಹುದು. ಕರ್ಪೂರಾನೂ ವಿಷವೇ, ಹಚ್ಚಿದ್ದನ್ನ ಅದು ನೆಕ್ಕದೇ ಬಿಡುತ್ತಾ? ಯಾರಾದ್ರೂ ಈಗಾಗ್ಲೇ ಕೊಟ್ಟಿದ್ರೆ ಇಲ್ಲಿ ಟೈಪ್ ಮಾಡ್ಕೊಂಡು ಕೂರಬೇಡಿ, ಫೋನ್ ಮಾಡಿ.

ಗುಬ್ಬಿ ಗೇಟ್: ಅದು ರಿಂಗ್‌ವರ್ಮ್, ಹುಳ ಅಲ್ಲ ಫಂಗಸ್, ಉದ್ದ ಕೂದಲಿನ ಮರಿಗಳಲ್ಲಿ ಜಾಸ್ತಿ. ಮನುಷ್ಯರಿಗೂ ಹರಡುತ್ತೆ. ತಂಗೀನ ಚರ್ಮದ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ, ಬೆಕ್ಕನ್ನ ನನ್ ಹತ್ರ ತನ್ನಿ. ಬಾಚಣಿಗೆ, ಹಾಸಿಗೆ ಬಟ್ಟೆ ಬೇರೆ ಮಾಡಿ, ಉದುರಿದ ಕೂದಲಲ್ಲಿ ಆ ಫಂಗಸ್ ಒಂದು ವರ್ಷದ ಮೇಲೂ ಬದುಕಿರುತ್ತೆ.

ಹೊರಪೇಟೆ ಮಾವ: ನಮ್ ಕಾಲದಲ್ಲಿ ಎಲ್ಲಾ ಇದೇ ಔಷಧೀಲೇ ಬದುಕ್ತಿದ್ವು. ಈಗ ಎಲ್ಲದಕ್ಕೂ ದುಡ್ಡು.

ಡಾಕ್ಟ್ರು ಮೇಡಂ: ಆ ಕಾಲದಲ್ಲಿ ಸತ್ತಿದ್ದನ್ನ ಯಾರೂ ಬರ್ದಿಡಲಿಲ್ಲ ಮಾವ. ಈ ಮಾತು ಇಲ್ಲಿಗೆ ಸಾಕು.

ಕ್ಯಾತ್ಸಂದ್ರ ಅಕ್ಕ: ಮೇಡಂ ನಾಟಿ ಬೆಕ್ಕು ಅಂದ್ರಲ್ಲ, ನಮ್ ಮಗಳಿಗೆ ಬೇಜಾರಾಯ್ತು. ನಾಟೀನ ಶೋಗೆ ತಗೊಳ್ಳೋದೇ ಇಲ್ವಾ?

ಡಾಕ್ಟ್ರು ಮೇಡಂ: ತಗೋತಾರೆ. ಸಿಎಫ್‌ಎ, ಟಿಕಾ ಎರಡರಲ್ಲೂ ಹೌಸ್‌ಹೋಲ್ಡ್ ಪೆಟ್ ಅಂತ ವಿಭಾಗ ಇದೆ. ಅಲ್ಲಿ ತಳಿ ಸ್ಟ್ಯಾಂಡರ್ಡ್ ಇಲ್ಲ, ಮೈ ಆರೋಗ್ಯ, ಶುಚಿ, ಅಂದ, ಸ್ವಭಾವ ನೋಡ್ತಾರೆ. ದೊಡ್ಡ ಬೆಕ್ಕಾದ್ರೆ ಮರಿ ಆಗದ ಹಂಗೆ ಆಪರೇಷನ್ ಆಗಿರ್ಬೇಕು. ಮಗಳಿಗೆ ಹೇಳಿ, ನಿಮ್ಮ ಬೆಕ್ಕಿನ ಹಣೆ ಮೇಲೆ ಗೆರೆ ಎದ್ದು ಕಾಣೋಷ್ಟು ಸ್ಪಷ್ಟವಾಗಿದೆ, ಕಣ್ಣು ಶುಭ್ರವಾಗಿದೆ. ನಾಟಿ ಅಂತ ನಾನು ಹೇಳಿದ್ದು ಕೀಳು ಮಾಡಿ ಅಲ್ಲ.

ಶಿರಾ ಗೇಟ್ ಸ್ವಾಮಿ: ಮೇಡಂ ಬಾಂಬೆ ಕ್ಯಾಟ್ ಬಗ್ಗೆ ನಾನ್ ಒಪ್ಪಲ್ಲ.

ಬಿ.ಎಚ್. ರೋಡ್: (ಫೋಟೋ) ಯಾವ ಬ್ರೀಡ್ ಮೇಡಂ

ಅಡ್ಮಿನ್ (ಎಸ್.ಎಸ್.ಪುರಂ): ಮೇಲೆ ಓದಿ ಸಾರ್. ಪೇಪರ್ ಇಲ್ದೆ ಫೋಟೋ ನೋಡಿ ತಳಿ ಹೇಳಕ್ಕಾಗಲ್ಲ.

ಕುಣಿಗಲ್ ರೋಡ್: (ವಿಡಿಯೋ) ಮೇಡಂ ನೋಡಿ. ಎರಡ್ ಮರೀದು ಬಾಲ ಬಳುಕ್ತದೆ. ಮೂರನೇದು ಬೂದು ಬಣ್ಣದ್ದು, ಅದ್ರ ಬಾಲ ಗಿಡ್ಡ ಐತೆ, ಅಲ್ಲಾಡಿಸ್ದಾಗ ಬುಡದಿಂದ ಒಂದೇ ಸಲ ಹೋಗ್ತದೆ. ತಾಯಿ ಬಾಲದ ಹತ್ರ ಕೈ ತಂದ್ರೆ ಕಚ್ಚಕ್ಕೆ ಬಂತು, ಎರಡು ವರ್ಷದಲ್ಲಿ ಒಂದ್ಸಲಾನೂ ಕಚ್ಚಿಲ್ಲ ಅದು. ಇನ್ನೊಂದ್ ಮಾತು, ಬೂದು ಮರಿಗೂ ಇನ್ನೊಂದಕ್ಕೂ ಅಡ್ವಾನ್ಸ್ ಈಸ್ಕೊಂಡ್ಬಿಟ್ಟಿದೀನಿ.

ಶಿರಾ ಕ್ಯಾಟರಿ: ವಿಡಿಯೋದಲ್ಲಿ ಹಂಗೆಲ್ಲ ಹೇಳಕ್ಕಾಗಲ್ಲ ಬ್ರದರ್. ಕ್ಯಾಲ್ಶಿಯಂ ಕೊಡಿ ಸರಿ ಹೋಗ್ತದೆ.

ಡಾಕ್ಟ್ರು ಮೇಡಂ: ಕ್ಯಾಲ್ಶಿಯಂ ಕೊಡ್ಬೇಡಿ. ಶಿರಾದವ್ರೇ, ನನ್ನ ಪೇಶೆಂಟಿಗೆ ಔಷಧಿ ಹೇಳೋದು ನಿಲ್ಸಿ, ಇದು ಎರಡನೇ ಸಲ ಹೇಳೋ ಹಂಗೆ ಮಾಡ್ಬೇಡಿ.

ಕುಣಿಗಲ್ ರೋಡ್, ಬೂದು ಮರಿ ಹಿಂಗಾಲು ಹೆಜ್ಜೆ ಇಡುವಾಗ ಮಂಡಿ ಮಡಚ್ತಿಲ್ಲ, ಮರಗಾಲಲ್ಲಿ ನಡೆದ ಹಂಗೆ ಇದೆ, ನಾನು ನಾಲ್ಕು ಸಲ ನೋಡ್ದೆ. ಅಡ್ವಾನ್ಸ್ ವಾಪಸ್ ಕೊಟ್ಬಿಡಿ, ಎರಡೂದು. ಈ ಕಾಯಿಲೆ ವಾಸಿ ಆಗಲ್ಲ, ಆದ್ರೆ ನೋವು ಕಮ್ಮಿ ಮಾಡೋಕೆ ದಾರಿ ಇದೆ. ನಾಳೆ ಬೆಳಗ್ಗೆ ಒಂಬತ್ತೂವರೆಗೆ ಐದೂ ಕರ್ಕೊಂಡ್ ಬನ್ನಿ. ತಾಯಿಗೆ ಎಕ್ಸ್‌ರೇ ತೆಗೆಯೋವಾಗ ಸ್ವಲ್ಪ ಮತ್ತು ಬರೋ ಔಷಧಿ ಕೊಡ್ಬೇಕಾಗುತ್ತೆ, ಹಂಗಾಗಿ ರಾತ್ರಿ ಹತ್ತರ ಮೇಲೆ ಅದಕ್ಕೆ ಊಟ ಬೇಡ, ನೀರು ಇಡಿ. ಮರಿಗಳಿಗೆ ಉಪವಾಸ ಬೇಡ, ಬೆಳಗ್ಗೆನೂ ತಿನ್ಸಿ. ಇವತ್ತು ರಾತ್ರಿ ಮಂಚದ ಪಕ್ಕ ಒಂದು ಗಟ್ಟಿ ದಿಂಬೋ ಮಣೆನೋ ಹಾಕಿ, ಅದು ಎಗರದೇ ಹತ್ಲಿ. ಮಣ್ಣಿನ ಟ್ರೇ ಅಂಚು ಎತ್ತರ ಇದ್ರೆ ಒಂದು ಕಡೆ ಕತ್ತರಿಸಿ.

ಕುಣಿಗಲ್ ರೋಡ್: ಆಯ್ತು ಮೇಡಂ. ಮಣೆ ಹಾಕಿದೀನಿ. ಹತ್ತಿ ಮಲಗೈತೆ ಈಗ.